ನ್ಯಾಮತಿಗೆ ಎಷ್ಟು ಅಕ್ಷರ?

ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಎಫ್12 ಕೀಲಿ ಒತ್ತಿದರೆ ಪಕ್ಕದಲ್ಲೋ ಕೆಳಗೋ ಒಂದು ಹೊಸ ಕಿಟಕಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಕನ್ಸೋಲ್ ಎಂಬ ಭಾಗವಿದೆ. ಅಲ್ಲಿ ಉದ್ಧರಣ ಚಿಹ್ನೆಗಳ ನಡುವೆ ನ್ಯಾಮತಿ ಎಂದು ಟೈಪ್ ಮಾಡಿ, ಒಂದು ಚುಕ್ಕಿ ಇಟ್ಟು, ಉದ್ದ ಕೇಳುವ 'ಲೆಂಗ್ತ್' ಸೇರಿಸಿ ಎಂಟರ್ ಒತ್ತಿ. ಬರುವ ಉತ್ತರ 7. ಒಂದನೇ ತರಗತಿಯ ಮಗುವನ್ನು ಕೇಳಿದರೆ ನ್ಯಾ, ಮ, ತಿ ಎಂದು ಬೆರಳು ಮಡಚಿ ಮೂರು ಅನ್ನುತ್ತದೆ. ಹೊನ್ನಾಳಿಗೂ ಹೀಗೆಯೇ: ಮಗುವಿನ ಲೆಕ್ಕ ಮೂರು, ಬ್ರೌಸರ್ ಲೆಕ್ಕ ಎಂಟು. ಚನ್ನಗಿರಿ ನಾಲ್ಕಕ್ಕೆ ಎಂಟು. ಒತ್ತಕ್ಷರವೇ ಇಲ್ಲದ ಜಗಳೂರು ಕೂಡ ನಾಲ್ಕಕ್ಕೆ ಆರು.

ಈ ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. 1997ರಲ್ಲಿ ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಚನ್ನಗಿರಿಯದು ಅಡಿಕೆ ಮತ್ತು ಸೂಳೆಕೆರೆಯ ಸೀಮೆ; ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ; ಜಗಳೂರು ಮಳೆಗಾಗಿ ಮುಗಿಲು ನೋಡುವ ನಾಡು. ಇಂಥ ಊರುಗಳಿಂದ ಪದವಿ ಮುಗಿಸಿದ ಹುಡುಗ ಹುಡುಗಿಯರು ಈಗ ಮನೆಯಲ್ಲೇ ಕುಳಿತು ಫ್ರಂಟ್‌ಎಂಡ್ ಕಲಿಯುತ್ತಾರೆ. ಫ್ರಂಟ್‌ಎಂಡ್ ಎಂದರೆ ಜಾಲಪುಟದಲ್ಲಿ ನಮ್ಮ ಕಣ್ಣಿಗೆ ಬೀಳುವ, ಕೈಗೆ ಸಿಗುವ ಭಾಗ: ಅಕ್ಷರ, ಬಣ್ಣ, ಗುಂಡಿ, ಪಟ್ಟಿ, ಹುಡುಕುವ ಚೌಕ. ಈ ಕೆಲಸ ಮಾಡುವವರೆಲ್ಲ ಕೋಡ್ ತುಣುಕುಗಳನ್ನು ಕೂಡಿಟ್ಟುಕೊಳ್ಳುತ್ತಾರೆ. ಹೆಸರಿನ ಮೊದಲ ಅಕ್ಷರ ತೆಗೆಯುವ ಎರಡು ಸಾಲು, ಉದ್ದ ವಾಕ್ಯವನ್ನು ಮೊಟಕುಮಾಡುವ ಮೂರು ಸಾಲು, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಒಂದು ಸಾಲು. ಬೇಕಾದಾಗ ಎತ್ತಿ ಅಂಟಿಸಿದರೆ ಆಯಿತು.

ತೊಂದರೆ ಶುರುವಾಗುವುದು ಇಲ್ಲೇ. ಜಗತ್ತಿನಾದ್ಯಂತ ಓಡಾಡುವ ಈ ತುಣುಕುಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಒಂದು ಚಿಹ್ನೆ ಅಂದರೆ ಒಂದು ಅಕ್ಷರ ಎಂಬ ನಂಬಿಕೆ ಅವುಗಳ ತಳದಲ್ಲಿ ಕುಳಿತಿದೆ. ಕನ್ನಡದ ಮುಂದೆ ಆ ನಂಬಿಕೆ ನಿಲ್ಲುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಕನ್ನಡದ ಪುಟ ಕಟ್ಟುವವರು ತಮ್ಮದೇ ತುಣುಕುಗಳ ಪುಸ್ತಕ ಇಟ್ಟುಕೊಳ್ಳಬೇಕು, ಅದರ ಒಂದೊಂದು ಸಾಲನ್ನೂ ತಮ್ಮೂರಿನ ಹೆಸರು ಹಾಕಿ ಪರೀಕ್ಷಿಸಬೇಕು. ಪರೀಕ್ಷೆಗೆ ಬೇಕಾದ ಬಹುಪಾಲು ಸಾಮಗ್ರಿ ಈ ನಾಲ್ಕು ಹೆಸರುಗಳಲ್ಲೇ ಇದೆ.

ಏಳು ಎಂಬ ಉತ್ತರ ಎಲ್ಲಿಂದ ಬಂತು? ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಜಗತ್ತಿನ ಲಿಪಿಗಳ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಏರ್ಪಾಡು ಯೂನಿಕೋಡ್. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಕಾದಿರಿಸಲಾಗಿದೆ. ನಮ್ಮ ಹಿಂದಿನ 128 ತೆಲುಗಿನವು, ಮುಂದಿನ 128 ಮಲಯಾಳಂನವು. ಭಾರತೀಯ ಲಿಪಿಗಳಿಗಾಗಿ ನಮ್ಮ ದೇಶದಲ್ಲೇ ರೂಪಿಸಿದ್ದ ಇಸ್ಕಿ ಸಂಕೇತದ ಜೋಡಣೆಯನ್ನೇ ಯೂನಿಕೋಡ್ ಅನುಸರಿಸಿತು. ಅದರ ಪ್ರಕಾರ ವ್ಯಂಜನಕ್ಕೆ ಒಂದು ಸಂಖ್ಯೆ, ಸ್ವರಚಿಹ್ನೆಗೆ ಒಂದು, ವ್ಯಂಜನದಲ್ಲಿರುವ ಅಕಾರವನ್ನು ತೆಗೆದುಹಾಕುವ ಅರ್ಧಾಕ್ಷರ ಚಿಹ್ನೆಗೆ ಇನ್ನೊಂದು. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ. 'ನ್ಯಾ' ಎಂಬುದು ಕಡತದಲ್ಲಿ 3240, 3277, 3247, 3262 ಎಂದು ಕುಳಿತಿರುತ್ತದೆ: ನ, ಅರ್ಧಾಕ್ಷರ ಚಿಹ್ನೆ, ಯ, ದೀರ್ಘ. 'ಮ'ಗೆ ಒಂದು, 'ತಿ'ಗೆ ಎರಡು. ಒಟ್ಟು ಏಳು.

ಈ ಸಂಖ್ಯೆಗಳನ್ನು ನಾವು ಓದಬಲ್ಲ ಆಕಾರಕ್ಕೆ ತರುವುದು ಇನ್ನೊಂದು ತಂತ್ರಾಂಶದ ಕೆಲಸ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಇದನ್ನು ಮಾಡುತ್ತದೆ. ನಕಾರದ ನಂತರ ಅರ್ಧಾಕ್ಷರ ಚಿಹ್ನೆ, ಅದರ ಹಿಂದೆಯೇ ಯಕಾರ ಬಂದರೆ ಅದು ಫಾಂಟಿನ ಕಡತದಲ್ಲಿ ಯ ಒತ್ತಿನ ಚಿತ್ರ ಹುಡುಕಿ, ನಕಾರದ ಕೆಳಗೆ ಎಲ್ಲಿ ಕೂರಬೇಕೋ ಅಲ್ಲಿ ಕೂರಿಸುತ್ತದೆ. ಸ್ವರಚಿಹ್ನೆಗೆ ಅಂಟಿಕೊಳ್ಳಲು ವ್ಯಂಜನವೇ ಸಿಗದಿದ್ದರೆ ಚುಕ್ಕಿಗಳಿಂದ ಮಾಡಿದ ಒಂದು ಬೊಟ್ಟುವೃತ್ತವನ್ನು ಬರೆದು ಅದರ ಮೇಲೆ ಚಿಹ್ನೆಯನ್ನು ಇಡುತ್ತದೆ. ಪುಟದಲ್ಲಿ ಬೊಟ್ಟುವೃತ್ತ ಕಂಡರೆ ಎಲ್ಲೋ ಒಂದು ಅಕ್ಷರವನ್ನು ಕೋಡ್ ನಡುಮಧ್ಯೆ ಕತ್ತರಿಸಿರುವ ಸಾಧ್ಯತೆಯೇ ಹೆಚ್ಚು.

ಕತ್ತರಿಸುವುದನ್ನು ಕಣ್ಣಾರೆ ನೋಡಬೇಕೆಂದರೆ 'ವಿಕಟಕವಿ'ಯನ್ನು ತೆಗೆದುಕೊಳ್ಳಿ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಕೋಡಿಂಗ್ ಕಲಿಯುವವರಿಗೆಲ್ಲ ಮೊದಲ ವಾರದಲ್ಲೇ ಸಿಗುವ ಒಂದು ತುಣುಕಿದೆ: ಪದವನ್ನು ಬಿಡಿಬಿಡಿಯಾಗಿ ಒಡೆ, ತಿರುಗಿಸು, ಮತ್ತೆ ಜೋಡಿಸು, ಮೂಲದ ಜೊತೆ ಹೋಲಿಸು. ಅದಕ್ಕೆ ವಿಕಟಕವಿ ಕೊಟ್ಟರೆ ಸಿಗುವ ಉತ್ತರ 'ಅಲ್ಲ'. ಯಾಕೆಂದರೆ ಕಡತದಲ್ಲಿ ಇರುವುದು ವ, ಗುಡಿಸು, ಕ, ಟ, ಕ, ವ, ಗುಡಿಸು ಎಂಬ ಏಳು ಸಂಖ್ಯೆಗಳು. ತಿರುಗಿಸಿದಾಗ ಗುಡಿಸು ಮೊದಲಿಗೆ ಬಂದು ಅನಾಥವಾಗಿ ಬೊಟ್ಟುವೃತ್ತದ ಮೇಲೆ ಕೂರುತ್ತದೆ, ಇನ್ನೊಂದು ಗುಡಿಸು ಪಕ್ಕದ ಕಕಾರಕ್ಕೆ ಅಂಟಿ 'ಕಿ' ಆಗುತ್ತದೆ. ತರ್ಕದಲ್ಲಿ ದೋಷವಿಲ್ಲ, ಅಕ್ಷರ ಯಾವುದು ಎಂಬ ತಿಳಿವಳಿಕೆ ಇಲ್ಲ. ಹೆಸರಿನ ಮೊದಲಕ್ಷರವನ್ನು ಬಣ್ಣದ ವೃತ್ತದಲ್ಲಿ ತೋರಿಸುವ ತುಣುಕು 'ಶ್ರೀನಿವಾಸ'ನನ್ನು ಬರೀ 'ಶ' ಮಾಡುವುದೂ, ಒಂದೊಂದೇ ಅಕ್ಷರ ಮೂಡಿಸುವ ಟೈಪಿಂಗ್ ಆಟ 'ನ್ಯಾ' ಬರುವ ಮೊದಲು ನ, ನ್, ನ್ಯ ಎಂದು ಮಿಣುಕುವುದೂ ಇದೇ ಕಾರಣಕ್ಕೆ.

ಇದಕ್ಕೆ ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಪರಿಹಾರವೊಂದಿದೆ. 'ಇಂಟ್ಲ್' ಎಂಬ ಅಂತರರಾಷ್ಟ್ರೀಯ ಸಲಕರಣೆಗಳ ಕಟ್ಟಿನಲ್ಲಿ 'ಸೆಗ್ಮೆಂಟರ್' ಎಂಬ ಸಾಧನ ಬರುತ್ತದೆ. ಪಠ್ಯವನ್ನು ಓದುಗ ಕಾಣುವ ಘಟಕಗಳಾಗಿ ಒಡೆಯುವುದೇ ಅದರ ಕೆಲಸ. ವಿಕಟಕವಿಯನ್ನು ಅದು ಸರಿಯಾಗಿ ಐದು ಭಾಗ ಮಾಡುತ್ತದೆ, ಜಗಳೂರನ್ನು ನಾಲ್ಕು. ನ್ಯಾಮತಿ ಕೊಟ್ಟರೆ ಮಾತ್ರ ನ್, ಯಾ, ಮ, ತಿ ಎಂದು ನಾಲ್ಕು ತುಂಡು ಕೊಡುತ್ತದೆ. ಒತ್ತಕ್ಷರ ಒಡೆದೇ ಹೋಗುತ್ತದೆ. ಚನ್ನಗಿರಿ ಐದಾಗುತ್ತದೆ, ಹೊನ್ನಾಳಿ ನಾಲ್ಕು.

ಹೀಗಾಗುವುದಕ್ಕೆ ಬ್ರೌಸರ್ ಕಾರಣವಲ್ಲ. ಎಲ್ಲಿ ಒಡೆಯಬಹುದು, ಎಲ್ಲಿ ಒಡೆಯಬಾರದು ಎಂಬ ನಿಯಮಗಳನ್ನು ಯೂನಿಕೋಡ್ ಬರೆಯುತ್ತದೆ. ಭಾರತೀಯ ಲಿಪಿಗಳ ಸಂಯುಕ್ತಾಕ್ಷರವನ್ನು ಒಡೆಯಬಾರದು ಎಂಬ ನಿಯಮ 2023ರ 15.1ನೇ ಆವೃತ್ತಿಯಲ್ಲಿ ಸೇರಿತು. ಅಲ್ಲಿ ಹೆಸರಿಸಿದ ಲಿಪಿಗಳು ಆರು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿಲ್ಲ. ಒತ್ತು ಬರೆಯುವ ಕ್ರಮದಲ್ಲಿ ನಮಗೆ ಒಡಹುಟ್ಟಿದಂತಿರುವ ತೆಲುಗಿಗೆ ಸಿಕ್ಕ ರಕ್ಷಣೆ ನಮಗೆ ಸಿಗಲಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಈ ಅಧ್ಯಾಯ ಬರೆಯಲು ಮುಖ್ಯ ಪ್ರೇರಣೆಯೂ ಅದೇ.

ಕನ್ನಡಕ್ಕೂ ಆ ನಿಯಮ ಬರುವವರೆಗೆ ನಮ್ಮ ತುಣುಕನ್ನು ನಾವೇ ಬರೆದುಕೊಳ್ಳಬೇಕು. ಕನ್ನಡ ವ್ಯಾಕರಣ ಗೊತ್ತಿದ್ದವರಿಗೆ ಅದು ಕಷ್ಟವೂ ಅಲ್ಲ. ಒಂದು ಅಕ್ಷರವೆಂದರೆ ಏನು? ಅರ್ಧಾಕ್ಷರಗಳು ಎಷ್ಟಾದರೂ ಇರಬಹುದು, ಇಲ್ಲದೆಯೂ ಇರಬಹುದು. ಆಮೇಲೆ ಒಂದು ವ್ಯಂಜನ. ಆಮೇಲೆ ಬೇಕಾದರೆ ಒಂದು ಸ್ವರಚಿಹ್ನೆ. ಕೊನೆಗೆ ಬೇಕಾದರೆ ಅನುಸ್ವಾರ ಅಥವಾ ವಿಸರ್ಗ. ಇಲ್ಲವೇ ಒಂದು ಸ್ವತಂತ್ರ ಸ್ವರ. ಇದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಮಾದರಿ ಹುಡುಕುವ ಭಾಷೆಯಲ್ಲಿ ಬರೆದರೆ ಇಷ್ಟೇ ಆಗುತ್ತದೆ:

([ಕ-ಹ]್)*[ಕ-ಹ][ಾ-್]?[ಂಃ]?|[ಅ-ಔ][ಂಃ]?

ಚೌಕ ಕಂಸದಲ್ಲಿರುವ ಕ-ಹ ಎಂದರೆ ಕಕಾರದಿಂದ ಹಕಾರದವರೆಗಿನ ಯಾವುದಾದರೂ ಒಂದು. ನಕ್ಷತ್ರ ಎಂದರೆ ಎಷ್ಟು ಸಲವಾದರೂ. ಪ್ರಶ್ನಾರ್ಥಕ ಎಂದರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಿಂತ ಗೆರೆ ಎಂದರೆ 'ಅಥವಾ'. ಒಂಟಿಯಾಗಿ ನಿಂತ ಚಿಹ್ನೆಗಳ ಪಕ್ಕ ಬೊಟ್ಟುವೃತ್ತ ಕಂಡರೆ ಗಾಬರಿ ಬೇಡ, ಇಲ್ಲಿ ಅವು ಬೇಕೆಂದೇ ಒಂಟಿಯಾಗಿವೆ. ಎಲ್ಲ ಹೊಂದಿಕೆಗಳನ್ನೂ ಹುಡುಕು ಎಂದು ಈ ಸಾಲನ್ನು ಕೊಟ್ಟರೆ ನ್ಯಾಮತಿ ಮೂರಾಗಿ, ಚನ್ನಗಿರಿ ನಾಲ್ಕಾಗಿ ಒಡೆಯುತ್ತವೆ. 'ಬಾಕ್ಸ್' ಥರದ ಅರ್ಧಾಕ್ಷರಾಂತ್ಯದ ಪದವೂ ಬಾ, ಕ್ಸ್ ಎಂದು ಸರಿಯಾಗಿ ಬರುತ್ತದೆ. ಜ಼, ಫ಼ ಬರೆಯುವವರು ವ್ಯಂಜನದ ನಂತರ ನುಕ್ತದ ಚಿಹ್ನೆಯನ್ನೂ ಐಚ್ಛಿಕವಾಗಿ ಸೇರಿಸಿಕೊಳ್ಳಬೇಕು. ಇದಿಷ್ಟು ಕೈಯಲ್ಲಿದ್ದರೆ ಪದಬಂಧದ ಆಟ ಕಟ್ಟಬಹುದು, ಮೊದಲಕ್ಷರದ ವೃತ್ತ ಬಿಡಿಸಬಹುದು, ವಿಕಟಕವಿಯನ್ನು ತಿರುಗಿಸಬಹುದು.

ಹೊನ್ನಾಳಿಯ ಹೆಸರಿನಲ್ಲಿ ಬೇರೆಯದೇ ಒಂದು ಪಾಠವಿದೆ. 'ಹೊ' ಬರೆಯಲು ಎರಡು ದಾರಿ. ಒಕಾರದ ಚಿಹ್ನೆಗೆ 3274 ಎಂಬ ಸ್ವಂತ ಸಂಖ್ಯೆ ಇದೆ. ಅದೇ ಚಿಹ್ನೆಯನ್ನು ಎಕಾರ (3270) ಮತ್ತು ಊಕಾರದ (3266) ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಪಡೆಯಬಹುದು. ಯೂನಿಕೋಡ್ ಎರಡನ್ನೂ ಸಮಾನ ಎಂದು ಒಪ್ಪುತ್ತದೆ. ಪರದೆಯ ಮೇಲೆ ಕೂದಲಷ್ಟೂ ವ್ಯತ್ಯಾಸ ಕಾಣದು. ಆದರೆ ಒಂದರ ಉದ್ದ ಎಂಟು, ಇನ್ನೊಂದರದು ಒಂಬತ್ತು. ಎರಡೂ ಒಂದೇನಾ ಎಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ ಅಲ್ಲ ಅನ್ನುತ್ತದೆ. ಫಲಾನುಭವಿಗಳ ಪಟ್ಟಿಯಲ್ಲಿ ಊರಿನ ಹೆಸರು ಕಣ್ಣೆದುರೇ ಇದ್ದರೂ ಹುಡುಕಿದರೆ ಸಿಗದಿರುವುದಕ್ಕೆ ಇದೊಂದು ಕಾರಣವಾಗಬಹುದು. ಈ, ಏ, ಐ, ಓ ಚಿಹ್ನೆಗಳಿಗೂ ಇಂಥ ಜೋಡಿ ರೂಪಗಳಿವೆ. ಪರಿಹಾರ ಚಿಕ್ಕದು: ಹೋಲಿಸುವ ಮೊದಲು ಎರಡೂ ಕಡೆ 'ನಾರ್ಮಲೈಸ್' ಎಂಬ ವಿಧಾನವನ್ನು ಕರೆದು, 'ಎನ್‌ಎಫ್‌ಸಿ' ರೂಪಕ್ಕೆ ತಂದುಕೊಳ್ಳುವುದು.

ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆ ಇದೇ ಪುಸ್ತಕದ ಪುಟಗಳಲ್ಲೂ ಅಡಗಿದೆ. 'ಬ್ರೌಸರ್‌ನಲ್ಲಿ' ಎಂದು ಬರೆದಾಗ ರ್ ಮತ್ತು ನ ಸೇರಿ ಒತ್ತಾಗದಂತೆ ನಡುವೆ 8204 ಎಂಬ ಸಂಖ್ಯೆಯನ್ನು ಇಡುತ್ತೇವೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಹುಡುಕಾಟಕ್ಕೆಂದು ಇಟ್ಟುಕೊಳ್ಳುವ ಪ್ರತಿಯಿಂದ ಮಾತ್ರ ಅದನ್ನೂ, ಅದರ ಜೊತೆಗಾರ 8205ನ್ನೂ ಕೈಯಾರೆ ಅಳಿಸಬೇಕು. ತೋರಿಸುವ ಪ್ರತಿಯಲ್ಲಿ ಮುಟ್ಟಬಾರದು.

ಜಗಳೂರಿನ ಳಕಾರ ಅಕಾರಾದಿಯ ಪರೀಕ್ಷೆಗೆ ಸರಿಯಾದ ಅಕ್ಷರ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ನಂತರ, ಕೊನೆಯಲ್ಲಿ. ಯೂನಿಕೋಡ್ ಸಂಖ್ಯೆಯಲ್ಲಿ ಅದು ಲಕಾರದ ಪಕ್ಕ, 3251. ವ 3253, ಸ 3256. ಜಾವಾಸ್ಕ್ರಿಪ್ಟಿನ ಬರೀ 'ಸಾರ್ಟ್' ಈ ಸಂಖ್ಯೆಯನ್ನೇ ನೋಡುತ್ತದೆ. ಹಾಗಾಗಿ ಜಗಳೂರು ತಾಲ್ಲೂಕಿನ ಹಳ್ಳಿಗಳ ಪಟ್ಟಿಯಲ್ಲಿ ಬಿಳಿಚೋಡು ಮೊದಲು, ಬಿಸ್ತುವಳ್ಳಿ ಆಮೇಲೆ ಬರುತ್ತದೆ. ನಿಘಂಟು ನೋಡಿ ರೂಢಿಯಿರುವ ಮೇಷ್ಟ್ರು ಬಿಸ್ತುವಳ್ಳಿಯನ್ನೇ ಮೊದಲು ಬರೆಯುತ್ತಾರೆ. ಇಂಟ್ಲ್ ಕಟ್ಟಿನ 'ಕೊಲೇಟರ್' ಸಾಧನಕ್ಕೆ ಭಾಷೆ ಕನ್ನಡ ಎಂದು ತಿಳಿಸಿ, ಅದರ ಹೋಲಿಕೆಯನ್ನು ಸಾರ್ಟಿಗೆ ಕೊಟ್ಟರೆ ಮೇಷ್ಟ್ರ ಕ್ರಮವೇ ಬರುತ್ತದೆ. ಒಂದೇ ಸಾಲಿನ ಬದಲಾವಣೆ.

ಇನ್ನು ಚನ್ನಗಿರಿ. ಅಲ್ಲಿಯ ಅಡಿಕೆ ಧಾರಣೆ ತೋರಿಸುವ ಪುಟವೊಂದನ್ನು ಕಟ್ಟುತ್ತಿದ್ದೇವೆ ಎಂದುಕೊಳ್ಳೋಣ: ರಾಶಿ, ಬೆಟ್ಟೆ, ಗೊರಬಲು, ಕ್ವಿಂಟಲ್ಲಿಗೆ ಇಷ್ಟು. ತಲೆಬರಹಕ್ಕೆ 'ಚನ್ನಗಿರಿ' ಎಂದು ದಪ್ಪಗೆ ಬರೆದು, ಸಾಲಿನ ಎತ್ತರ ನಿಗದಿಮಾಡುವ 'ಲೈನ್-ಹೈಟ್' 1 ಎಂದಿಟ್ಟು, ಚೌಕದಿಂದ ಹೊರಚಾಚಿದ್ದನ್ನು ಮರೆಮಾಡು ಎಂದು ಹೇಳಿದರೆ ನಕಾರದ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗುವ ಸಂಭವವಿದೆ. ರೋಮನ್ ಅಕ್ಷರಕ್ಕೆ 1.2 ಸಾಕಾಗುವಲ್ಲಿ ಕನ್ನಡದ ಓದಿಗೆ 1.6ರಿಂದ 1.8 ಬೇಕು. ಕೆಳಗೆ ಒತ್ತು, ಮೇಲೆ ತಲೆಕಟ್ಟು ಮತ್ತು ಗುಡಿಸು, ಎರಡಕ್ಕೂ ಜಾಗ ಬೇಡವೇ? ಓರೆ ಅಕ್ಷರದ ಆಸೆಯನ್ನೂ ಬಿಡಬೇಕು. ಕನ್ನಡ ಫಾಂಟುಗಳಲ್ಲಿ ಬಹುಪಾಲಿಗೆ ಓರೆ ರೂಪವಿಲ್ಲ. ಬ್ರೌಸರ್ ನೇರ ಅಕ್ಷರವನ್ನೇ ಬಲವಂತವಾಗಿ ವಾಲಿಸುತ್ತದೆ, ಓದಲು ಹಿಂಸೆ. 'ಫಾಂಟ್-ಸಿಂಥೆಸಿಸ್' ಎಂಬ ಗುಣದಿಂದ ಅದನ್ನು ತಡೆದು, ಒತ್ತು ಕೊಡಬೇಕಾದ ಕಡೆ ಬಣ್ಣವನ್ನೋ ದಪ್ಪವನ್ನೋ ಬಳಸಿ.

ಫಾಂಟಿನ ವಿಷಯದಲ್ಲಿ ಈ ತಲೆಮಾರು ಅದೃಷ್ಟವಂತ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದ ಕಾಲಕ್ಕೆ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದಾಗಲೂ, ಕನ್ನಡ ಜಾಲಪುಟ ಓದಬೇಕೆಂದರೆ ಎಷ್ಟೋ ಸಲ ಮೊದಲು ಫಾಂಟ್ ಇಳಿಸಿಕೊಳ್ಳಬೇಕಿತ್ತು. ಅಕ್ಷರಗಳು ರೋಮನ್ ಲಿಪಿಯ ಸಂಕೇತಸಂಖ್ಯೆಗಳ ಜಾಗದಲ್ಲೇ ಕುಳಿತಿರುತ್ತಿದ್ದುದರಿಂದ ಫಾಂಟ್ ಇಲ್ಲದವರಿಗೆ ಪುಟವೆಲ್ಲ ಅರ್ಥವಿಲ್ಲದ ರೋಮನ್ ಗೀಚು. ಇವತ್ತು ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಮೊದಲೇ ಇರುತ್ತವೆ. ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ಬಾಲೂ ತಮ್ಮ, ತಿರೋ ಕನ್ನಡ, ಅಕಾಯ ಕನಡಕ, ಹುಬ್ಬಳ್ಳಿ, ಬೆಣ್ಣೆ ಎಂಬ ಹೆಸರಿನವು ಉಚಿತವಾಗಿ ಸಿಗುತ್ತವೆ. ಆದರೂ ಧಾರಣೆ ತೋರಿಸುವ ಪುಟಕ್ಕೆ ಹೊರಗಿನ ಫಾಂಟ್ ಬೇಡ ಎಂಬುದು ನನ್ನ ಸಲಹೆ. ಸಿಗ್ನಲ್ ಸರಿಯಾಗಿ ಸಿಗದ ತೋಟದಲ್ಲಿ ನಿಂತು ಮೊಬೈಲ್ ನೋಡುವವರಿಗೆ ಚೆಂದದ ಅಕ್ಷರಕ್ಕಿಂತ ಬೇಗ ಮೂಡುವ ಅಕ್ಷರ ಮುಖ್ಯ. ಫೋನಿನಲ್ಲೇ ಇರುವ ಫಾಂಟುಗಳ ಹೆಸರನ್ನು ಸಾಲಾಗಿ ಬರೆದರೆ ಸಾಕು.

ಬೆಲೆಯ ಅಂಕಿಗಳನ್ನು ತೋರಿಸುವಾಗಲೂ ಎಚ್ಚರ ಬೇಕು. 125000 ಎಂಬುದನ್ನು ಅಮೆರಿಕದ ಪದ್ಧತಿಯ ತುಣುಕು 125,000 ಎಂದು ಬರೆಯುತ್ತದೆ. ಇಂಟ್ಲ್ ಕಟ್ಟಿನ 'ನಂಬರ್‌ಫಾರ್ಮ್ಯಾಟ್'ಗೆ ಪ್ರದೇಶ ಇಂಡಿಯಾದ ಇಂಗ್ಲಿಷ್ ಎಂದು ಹೇಳಿದರೆ 1,25,000 ಎಂದು ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಬೀಳುತ್ತದೆ. ಜೊತೆಗೆ ಅಂಕಿಯ ಪದ್ಧತಿ ಕನ್ನಡ ಎಂದರೆ ೧,೨೫,೦೦೦. ತೋರಿಸುವುದು ಸುಲಭ, ಓದಿಸುವುದು ಸ್ವಲ್ಪ ಕಷ್ಟ. ಬಳಕೆದಾರರು ಫಾರ್ಮಿನಲ್ಲಿ ೫೦ ಎಂದು ತುಂಬಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಕನ್ನಡದ ಸೊನ್ನೆ 3302, ಒಂಬತ್ತು 3311. ಪ್ರತಿ ಅಂಕಿಯ ಸಂಖ್ಯೆಯಿಂದ 3302 ಕಳೆದರೆ ಲೆಕ್ಕಕ್ಕೆ ಬೇಕಾದ ಅಂಕಿ ಸಿಗುತ್ತದೆ. ಪಟ್ಟಿಯ ಸಾಲುಗಳಿಗೆ ಕನ್ನಡ ಕ್ರಮಾಂಕ ಬೇಕಿದ್ದರೆ ಲೆಕ್ಕವೇ ಬೇಡ. 'ಲಿಸ್ಟ್-ಸ್ಟೈಲ್-ಟೈಪ್' ಗುಣಕ್ಕೆ 'ಕನ್ನಡ' ಎಂಬ ಬೆಲೆಯೇ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿದೆ.

ಪುಟದ ನೆತ್ತಿಯಲ್ಲಿ ಎರಡು ಮಾತು ತಪ್ಪದೆ ಇರಬೇಕು. ಒಂದು, ಸಂಕೇತ ಯುಟಿಎಫ್-8 ಎಂಬುದು. ಅದು ಕಡತದ ಮೊದಲ 1024 ಬೈಟುಗಳೊಳಗೆ ಬರಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು, ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಈ ಘೋಷಣೆ ಇಲ್ಲದೆ ಬ್ರೌಸರ್ ಪುಟವನ್ನು ಹಳೆಯ ಪಾಶ್ಚಾತ್ಯ ಸಂಕೇತವೆಂದು ಓದಿದರೆ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ', ಅದರ ಪಕ್ಕ ಪುಟ್ಟ 2 ಅಥವಾ 3, ಬೇರೊಂದು ಚಿಹ್ನೆ, ಮತ್ತೆ ಅದೇ 'ಎ' ಎಂದು ಪುಟ ತುಂಬುತ್ತದೆ. ಆ ನಕ್ಷೆ ಕಂಡ ತಕ್ಷಣ ಅದರೊಳಗೆ ಕನ್ನಡವಿದೆ ಎಂದು ಗುರುತಿಸಬಹುದು. ಎರಡು, ಭಾಷೆ ಕನ್ನಡ ಎಂಬ 'ಲ್ಯಾಂಗ್' ಗುಣ. ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶ ಇದನ್ನು ನೋಡಿಯೇ ಕನ್ನಡ ಧ್ವನಿಗೆ ಬದಲಾಗುತ್ತದೆ. ಹತ್ತೇ ಕೀಲಿಗಳಲ್ಲಿ ಬರೆದು ಮುಗಿಯುವ ಈ ಮಾತನ್ನು ಬಿಟ್ಟರೆ ಕಣ್ಣು ಕಾಣದ ಓದುಗರಿಗೆ ಪುಟವನ್ನು ಮುಚ್ಚಿದಂತೆಯೇ ಆಗುತ್ತದೆ.

ಕಲಿಯುವುದು ಎಲ್ಲಿ? ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮೂರಕ್ಕೂ ಮೊಜಿಲ್ಲಾದವರ ಎಂಡಿಎನ್ ಕೈಪಿಡಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಇಲ್ಲಿ ಹೇಳಿದ ಇಂಟ್ಲ್ ಸಾಧನಗಳ ಉದಾಹರಣೆಗಳನ್ನು ಅಲ್ಲೇ ತಿದ್ದಿ ಓಡಿಸಿ ನೋಡಬಹುದು. ಅಭ್ಯಾಸಕ್ಕೆ 2014ರಿಂದ ಉಚಿತವಾಗಿ ನಡೆಯುತ್ತಿರುವ ಫ್ರೀಕೋಡ್‌ಕ್ಯಾಂಪ್ ಇದೆ. ಯಾವ ಸೌಲಭ್ಯ ಯಾವ ಬ್ರೌಸರ್‌ನಲ್ಲಿ ನಡೆಯುತ್ತದೆ ಎಂದು ನೋಡಲು 'ಕ್ಯಾನ್ ಐ ಯೂಸ್'. ಇಂಗ್ಲಿಷ್ ತೊಡಕೆನಿಸಿದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಹಲವು ಪಾಠಗಳು ಕನ್ನಡ ಧ್ವನಿಯಲ್ಲಿವೆ. ಲಿಪಿಯ ವಿಷಯಕ್ಕೆ ಬಂದರೆ, ಡಬ್ಲ್ಯು3ಸಿ ಸಂಸ್ಥೆಯಲ್ಲಿ ಅಂತರರಾಷ್ಟ್ರೀಕರಣದ ಕೆಲಸ ನೋಡಿದ ರಿಚರ್ಡ್ ಇಶಿಡಾ ಅವರ ಕನ್ನಡ ಲಿಪಿ ಟಿಪ್ಪಣಿಗಳನ್ನು ಪ್ರತಿಯೊಬ್ಬ ಕನ್ನಡದ ಡೆವಲಪರ್ ಒಮ್ಮೆ ಓದಲೇಬೇಕು. ಕನ್ನಡಕ್ಕೆ ಒಪ್ಪುವ ಕೋಡ್ ಹೇಗಿರುತ್ತದೆ ಎಂದು ನೋಡಬೇಕಾದವರು ಅಲರ್ ನಿಘಂಟನ್ನು ಗಮನಿಸಲಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಈ ಕನ್ನಡ-ಇಂಗ್ಲಿಷ್ ಕೋಶ 2019ರಲ್ಲಿ ಮುಕ್ತ ಪರವಾನಗಿಯೊಡನೆ ಜಾಲಕ್ಕೆ ಬಂತು. ಅದರ ಹುಡುಕಾಟದ ಹಿಂದೆ ಕೈಲಾಶ್ ನಾಧ್ ಬರೆದ ಕೆಎನ್‌ಫೋನ್ ಎಂಬ ಕ್ರಮವಿಧಿ ಇದೆ. ಕಾಗುಣಿತ ಸ್ವಲ್ಪ ತಪ್ಪಿದರೂ ಉಚ್ಚಾರಣೆಯ ಹೋಲಿಕೆಯಿಂದ ಪದ ಹುಡುಕಿಕೊಡುತ್ತದೆ. ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ.

ಕನ್ನಡದ ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮ ತಾನಾಗಿ ಬರುವುದಿಲ್ಲ, ಕೇಳಿದರೆ ಬರುತ್ತದೆ. ಯೂನಿಕೋಡ್ ಒಕ್ಕೂಟ ಯಾರಿಂದ ಬೇಕಾದರೂ ಲಿಖಿತ ಅಭಿಪ್ರಾಯ, ಪ್ರಸ್ತಾವ ಸ್ವೀಕರಿಸುತ್ತದೆ. ಅದಕ್ಕೆ ಸದಸ್ಯತ್ವ ಬೇಕಿಲ್ಲ, ಶುಲ್ಕವಿಲ್ಲ. ಬೇಕಾದದ್ದು ಎಲ್ಲಿ ಒಡೆಯುತ್ತಿದೆ, ಒಡೆದರೆ ಓದುಗರಿಗೆ ಏನು ಕಷ್ಟ ಎಂದು ಉದಾಹರಣೆ ಸಹಿತ ತೋರಿಸುವ ತಾಳ್ಮೆ. ಆ ಉದಾಹರಣೆಗಳು ದಿನವೂ ಕನ್ನಡದ ಪುಟ ಕಟ್ಟುವವರ ಕೈಯಲ್ಲಿವೆ. ಈ ಅಧ್ಯಾಯ ಓದಿದ ಒಬ್ಬರಾದರೂ ತಮ್ಮ ಕನ್ಸೋಲಿನಲ್ಲಿ ಕಂಡದ್ದನ್ನು ಬರೆದು ಅಲ್ಲಿಗೆ ಕಳಿಸಲಿ ಎಂದು ಕೇಳಿಕೊಳ್ಳುತ್ತೇನೆ.